ಖಾಲಿ ಜಾಗದ ಪಾಠ

ಹಿಂದಿನ ಟೀಚರು ಕೆಲಸ ಬಿಟ್ಟು ಹೋಗುವಾಗ ಅಕ್ಷಯಾಳ ಹೆಸರಿಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇಟ್ಟುಹೋಗಿದ್ದರು. ಒಳಗೆ ಬಿಳಿ ಬಟ್ಟೆಯ ಟೊಪ್ಪಿಗಳು, ಇಪ್ಪತ್ತನಾಲ್ಕು ಕೆಂಪು ಬಾವುಟ, ನೆಲದ ಮೇಲೆ ಗೆರೆ ಎಳೆಯುವ ಸುಣ್ಣದ ಪುಡಿ, ಮೇಲೊಂದು ಚೀಟಿ. ಇದೆಲ್ಲ ಬಂಡಿ ದಿನಕ್ಕೆ, ಏನನ್ನೂ ಬದಲಾಯಿಸಬೇಡಿ, ಮಕ್ಕಳಿಗೂ ಪೋಷಕರಿಗೂ ಹೀಗೇ ಇಷ್ಟ ಎಂದು ಚೀಟಿಯಲ್ಲಿ ಬರೆದಿತ್ತು.

ಏನನ್ನೂ ಬದಲಾಯಿಸಬೇಡಿ ಎಂದು ಯಾರಾದರೂ ಬರೆದಿಟ್ಟರೆ ಅಕ್ಷಯಾಳಿಗೆ ಮೊದಲು ಹೊಳೆಯುವುದು, ಇದರಲ್ಲಿ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದೇ. ಬಂಟ್ವಾಳದ ಹಾಸ್ಟೆಲಿನಲ್ಲಿ ಓದುತ್ತಿದ್ದ ಕಾಲದಿಂದ ಅಂಟಿದ ಚಾಳಿ ಅದು.

ದೋಹಾದ ಪಕ್ಕ ಅಲ್ ರಯ್ಯಾನಿನ ಆ ಶಾಲೆಯಲ್ಲಿ ನಡೆಯುವುದು ಅಮೆರಿಕದ ಸಿಲೆಬಸ್. ಕಲಿಯುವವರು ಮಾತ್ರ ಕೇರಳದವರು, ಕರಾವಳಿಯವರು, ಈಜಿಪ್ಟಿನವರು, ಫಿಲಿಪೀನ್ಸಿನವರು. ಫೆಬ್ರವರಿ ಬಂತೆಂದರೆ ಏಳನೇ ತರಗತಿಯ ಸಮಾಜ ಪಾಠದಲ್ಲಿ ಅಮೆರಿಕದ ಜನ ಪಡುವಣಕ್ಕೆ ಹೊರಡುತ್ತಾರೆ. ಬಿಳಿ ಬಟ್ಟೆ ಹೊದಿಸಿದ ಬಂಡಿಗೆ ಎತ್ತು ಕಟ್ಟಿ, ಹಿಟ್ಟು, ಬೀಜ, ಕೊಡಲಿ, ಹೆಂಡತಿ, ಮಕ್ಕಳನ್ನು ಹೇರಿಕೊಂಡು, ಹೊಳೆ ದಾಟಿ, ಬೆಟ್ಟ ಹತ್ತಿ, ದಾರಿಯಲ್ಲಿ ಸತ್ತವರನ್ನು ದಾರಿಯಲ್ಲೇ ಹೂತು, ತಿಂಗಳುಗಟ್ಟಲೆ ನಡೆದು ಹೋಗಿ ಜಾಗ ಹಿಡಿಯುತ್ತಾರೆ. ಐದು ವರ್ಷ ಉತ್ತು ಬಿತ್ತಿದರೆ ನೂರ ಅರವತ್ತು ಎಕರೆ ನಿನ್ನದೇ ಎಂದು ಸರಕಾರವೇ ಬರೆದು ಕೊಟ್ಟಿತ್ತಂತೆ. ಪಾಠ ಮುಗಿದ ಗುರುವಾರ ಶಾಲೆಯ ಮೈದಾನದಲ್ಲಿ ಬಂಡಿ ದಿನ. ಸೂಪರ್‌ಮಾರ್ಕೆಟ್ಟಿನ ಟ್ರಾಲಿಗಳಿಗೆ ಬೆಡ್‌ಶೀಟ್ ಹೊದಿಸಿ ಮಕ್ಕಳು ಬಂಡಿ ತಳ್ಳುತ್ತಾರೆ. ಕೊನೆಗೆ ಜಾಗದ ಓಟ. ಸುಣ್ಣದಲ್ಲಿ ಚೌಕ ಚೌಕ ಗೆರೆ ಎಳೆದಿರುತ್ತಾರೆ, ಸೀಟಿ ಊದಿದ ಕೂಡಲೇ ಮಕ್ಕಳು ಓಡಿ ತಮಗೆ ಬೇಕಾದ ಚೌಕದಲ್ಲಿ ಬಾವುಟ ನೆಡಬೇಕು. ನೆಟ್ಟವರದ್ದೇ ಜಾಗ. ಪೋಷಕರು ಚಪ್ಪಾಳೆ ತಟ್ಟುತ್ತಾರೆ, ಫೋಟೊ ಹೊಡೆಯುತ್ತಾರೆ, ಸಮೋಸ ತಿನ್ನುತ್ತಾರೆ.

ಅಕ್ಷಯಾ ಈ ಶಾಲೆಗೆ ಬಂದು ಎರಡು ವರ್ಷವಾಗಿತ್ತು. ಏಳನೇ ತರಗತಿ ಪೂರ್ತಿಯಾಗಿ ಅವಳ ಕೈಗೆ ಬಂದದ್ದು ಈ ವರ್ಷ. ಮಾರ್ಚಿಗೆ ಕಾಂಟ್ರ್ಯಾಕ್ಟ್ ಮುಗಿಯುತ್ತಿತ್ತು. ಮತ್ತೆ ಬರೆದು ಕೊಟ್ಟರೆ ದೋಹಾ, ಇಲ್ಲದಿದ್ದರೆ ಇಲ್ಲಿರಲು ಕೊಟ್ಟ ಐಡಿ ರದ್ದು, ಊರಿನ ವಿಮಾನ. ಊರಿನಲ್ಲಿ ಅವಳು ಅಕ್ಷಯಾ ಸಿ. ಇಲ್ಲಿನ ಫಾರಮ್ಮುಗಳಿಗೆ ಒಂದು ಅಕ್ಷರ ಸಾಕಾಗಲಿಲ್ಲ, ಪೂರ್ತಿ ಬರೆಯಿರಿ ಎಂದರು. ಹಾಗಾಗಿ ಕುತ್ತಿಗೆಯಲ್ಲಿ ನೇತಾಡುವ ಕಾರ್ಡಿನಲ್ಲಿ ಈಗ ಅಕ್ಷಯಾ ಚನಿಯ ಎಂದಿದೆ. ಈಜಿಪ್ಟಿನವರಿಗೆ ಅದು ಬರೀ ಒಂದು ಹೆಸರು. ತುಳು ಗೊತ್ತಿದ್ದವರ ಕಣ್ಣು ಮಾತ್ರ ಆ ಎರಡನೇ ಹೆಸರಿನ ಮೇಲೆ ಒಂದು ಗಳಿಗೆ ನಿಲ್ಲುತ್ತದೆ, ನಿಂತು ಜಾತಿ ಓದಿಕೊಂಡು ಮುಂದೆ ಹೋಗುತ್ತದೆ. ಕಾರ್ಡು ತಿರುಗಿಸಿ ಹಾಕಿಕೊಂಡರೆ ಆಗದಾ ಎಂದು ಕೋಣೆಯಲ್ಲಿ ಜೊತೆಗಿರುವ ನರ್ಸ್ ರೀಮಾ ಒಮ್ಮೆ ಕೇಳಿದ್ದಳು. ಅಪ್ಪನ ಹೆಸರನ್ನು ಬೆನ್ನು ಮಾಡಿ ನೇತುಹಾಕಲಿಕ್ಕೆ ಅವನೇನು ಕಳ್ಳನಾ ಎಂದು ಅಕ್ಷಯಾ ನಕ್ಕಿದ್ದಳು.

ಪಾಠದ ಮೊದಲ ದಿನ ಅವಳು ಪುಸ್ತಕದ ನಕ್ಷೆ ತೆರೆಸಿದಳು. ಮೂಡಣದ ರಾಜ್ಯಗಳಿಗೆಲ್ಲ ಒಂದೊಂದು ಬಣ್ಣ, ಊರಿನ ಹೆಸರು, ಚುಕ್ಕಿ, ಗೆರೆ. ಪಡುವಣಕ್ಕೆ ಹೋದಂತೆ ಬರೀ ತೆಳು ಹಳದಿ. ಹೆಸರಿಲ್ಲ, ಚುಕ್ಕಿಯಿಲ್ಲ. ಅಲ್ಲಿ ಯಾರಿದ್ದರು ಎಂದು ಕೇಳಿದಳು. ಯಾರೂ ಇರಲಿಲ್ಲ ಮಿಸ್, ಅದಕ್ಕೇ ಖಾಲಿ ಬಿಟ್ಟಿದ್ದಾರೆ ಎಂದ ಗ್ಯಾವಿನ್. ಮಂಗಳೂರಿನ ಹುಡುಗ, ಕೈ ಎತ್ತುವ ಮೊದಲೇ ಉತ್ತರ ಹೇಳಿ ಮುಗಿಸುವವನು. ಖಾಲಿ ಇದ್ದದ್ದಕ್ಕೆ ಹಳದಿ ಬಳಿದರೋ, ಹಳದಿ ಬಳಿದ ಮೇಲೆ ಖಾಲಿಯಾಯಿತೋ ಎಂದು ಅಕ್ಷಯಾ ಕೇಳಿದಳು. ಆಮೇಲೆ ಅವಳು ಬೇರೆ ಒಂದು ನಕ್ಷೆ ತೋರಿಸಿದಳು. ಅದೇ ಹಳದಿಯ ಮೇಲೆ ಅಲ್ಲಿ ಬದುಕಿದ್ದ ಜನಗಳ ಹೆಸರು, ಒಂದರ ಮೇಲೆ ಒಂದು, ಕಾಲಿಡಲು ಜಾಗವಿಲ್ಲದಷ್ಟು. ಒಕ್ಲಹೋಮಾದಲ್ಲಿ ನಡೆದ ನಿಜವಾದ ಓಟದ ಕತೆಯನ್ನೂ ಹೇಳಿದಳು. ಒಂದು ಮಧ್ಯಾಹ್ನ ಹನ್ನೆರಡಕ್ಕೆ ಸದ್ದು ಮಾಡಿ ಬಿಟ್ಟರಂತೆ, ಸಾವಿರಾರು ಜನ ಕುದುರೆ ಓಡಿಸಿ ಜಾಗ ಹಿಡಿದರಂತೆ. ಆ ಜಾಗವನ್ನು ಅದಕ್ಕೂ ಮೊದಲು ಯಾರಿಗೆ ಕೊಡುತ್ತೇವೆಂದು ಮಾತು ಕೊಟ್ಟಿದ್ದರು ಎಂಬುದನ್ನೂ ಹೇಳಿದಳು.

ಮನೆಗೆಲಸ ಕೊಟ್ಟಾಗ ಅವಳ ಧ್ವನಿಯಲ್ಲಿ ತಮಾಷೆಯಿರಲಿಲ್ಲ. ಊರಿನಲ್ಲಿ ನಿಮ್ಮ ಮನೆ ನಿಂತಿರುವ ಜಾಗದಲ್ಲಿ ನಿಮಗಿಂತ ಮೊದಲು ಯಾರಿದ್ದರು, ಅದಕ್ಕೆ ಒಂದು ಸಾಕ್ಷಿ ತನ್ನಿ. ಇಂಟರ್‌ನೆಟ್ಟು ನಡೆಯುವುದಿಲ್ಲ. ಕಣ್ಣಾರೆ ಕಂಡವರ ಮಾತು, ಇಲ್ಲವೇ ಕೈಯಲ್ಲಿ ಮುಟ್ಟಬಹುದಾದ ಒಂದು ವಸ್ತು. ಸಾಕ್ಷಿ ಸುಳ್ಳಾದರೆ ಕೆಂಪು ಪೆನ್ನು. ಸಾಕ್ಷಿ ಗಟ್ಟಿಯಾದರೆ ಯಾರು ಬಂದು ಹೇಳಿದರೂ ಅಳಿಸುವ ಹಾಗಿಲ್ಲ.

ಬಂದ ಉತ್ತರಗಳಲ್ಲಿ ಅರ್ಧ ನಗೆ ತರುವಂಥವು. ತಮ್ಮ ಫ್ಲ್ಯಾಟಿಗಿಂತ ಮೊದಲು ಅಲ್ಲಿ ಕಪ್ಪೆಗಳಿದ್ದವು, ಲಿಫ್ಟಿನ ಗುಂಡಿಯಲ್ಲಿ ಈಗಲೂ ಒಂದಿದೆ ಎಂದು ಗ್ಯಾವಿನ್ ಬರೆದಿದ್ದ. ರೈಹಾನಾಳ ಅಜ್ಜಿ ಅವರ ಹಿತ್ತಿಲಿನಲ್ಲಿ ಹಂಚಿನ ಕಾರ್ಖಾನೆಯ ಒಡೆದ ಹಂಚುಗಳು ಈಗಲೂ ಸಿಗುತ್ತವೆ ಎಂದು ಫೋಟೊ ಕಳಿಸಿದ್ದರು. ಮೋಕ್ಷಾಳ ಹಾಳೆ ಕೊನೆಯದು.

ಮೋಕ್ಷಾ ಹನ್ನೆರಡರ ಹುಡುಗಿ. ಕ್ಲಾಸಿನಲ್ಲಿ ಮಾತು ಕಡಿಮೆ, ಬರವಣಿಗೆ ಮಾತ್ರ ಬೆಣಚುಕಲ್ಲಿನ ಹಾಗೆ ಗಟ್ಟಿ. ಅವಳ ಅಪ್ಪ ವಿಕಾಸನಿಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮರಗೆಲಸದ ದೊಡ್ಡ ವರ್ಕ್‌ಶಾಪಿದೆ. ಮೂರು ಬಸ್ಸು ತುಂಬುವಷ್ಟು ಕಾರ್ಮಿಕರು ಅವನ ಕೈಕೆಳಗಿದ್ದಾರೆ. ಮೋಕ್ಷಾಳ ಅಣ್ಣ ಇದೇ ಶಾಲೆಯಲ್ಲಿ ಏಳನೇ ತರಗತಿಯಲ್ಲಿದ್ದ ಕಾಲದಿಂದ ಬಂಡಿಗಳ ಚಕ್ರ ಮಾಡಿಸಿ ಕೊಡುವವನೂ ವಿಕಾಸನೇ. ಚಕ್ರದ ಜೊತೆ ಒಂದು ಭಾಷಣವೂ ಬರುತ್ತದೆ. ನಾವೂ ಒಂದು ಬ್ಯಾಗು ಹಿಡಿದು ಪಡುವಣ ಕಡಲು ದಾಟಿ ಬಂದವರು, ನಾವೂ ಪಯನಿಯರುಗಳೇ ಎನ್ನುವ ಭಾಷಣ. ಅಕ್ಷಯಾ ಅದನ್ನು ಎರಡು ಸಲ ಕೇಳಿದ್ದಾಳೆ. ಎರಡು ಸಲವೂ ಅವಳ ನಾಲಿಗೆಯ ತುದಿಯಲ್ಲಿದ್ದ ಮಾತು ಒಂದೇ: ಬಂಡಿಯಲ್ಲಿ ಬಂದವನಿಗೆ ಜಾಗ ಸಿಕ್ಕಿತು ಸ್ವಾಮಿ, ನಿಮ್ಮ ಬಸ್ಸಿನಲ್ಲಿ ಬರುವವನಿಗೆ ಸಿಗುವುದು ವೀಸಾ.

ಮೋಕ್ಷಾ ಬರೆದದ್ದು ಇಂಗ್ಲಿಷಿನಲ್ಲಿ, ಒಂದೂವರೆ ಪುಟ. ಊರಿನಲ್ಲಿ ತಮ್ಮ ಮನೆಯ ತೋಟದ ಮೂಲೆಯಲ್ಲಿ ಒಂದು ಕಲ್ಲಿದೆ. ಅದು ಒಂದು ದೈವದ ಕಲ್ಲು, ಆದರೆ ತಮ್ಮ ಮನೆಯ ದೈವವಲ್ಲ. ತಮ್ಮ ಮನೆಯ ದೈವಕ್ಕೆ ಹಿತ್ತಾಳೆಯ ಮುಖ, ಉಯ್ಯಾಲೆ, ಬಾಗಿಲಿರುವ ಗುಡಿ ಎಲ್ಲ ಇದೆ. ಇದಕ್ಕೆ ಏನೂ ಇಲ್ಲ. ವರ್ಷಕ್ಕೊಂದು ಸಲ ಅಪ್ಪಿ ಎಂಬ ಮುದುಕಿ ಗುಡ್ಡದ ಮೇಲಿನ ಕಲ್ಲುಪಾದೆಯಿಂದ ನಡೆದು ಬಂದು ಅದಕ್ಕೆ ಒಂದು ಎಳನೀರು, ವೀಳ್ಯ, ಒಂದು ಕೋಳಿ ಇಡುತ್ತಾಳೆ. ಮನೆಯವರು ಯಾರೂ ಅದನ್ನು ಮಾಡುವ ಹಾಗಿಲ್ಲ. ಅಪ್ಪಿ ಬರುವುದು ತಡವಾದರೆ ಅಜ್ಜಿ ಗಾಬರಿಯಾಗಿ ಜೀಪು ಕಳಿಸುತ್ತಾರೆ. ಯಾಕೆ ಎಂದು ವಿಡಿಯೊ ಕಾಲಿನಲ್ಲಿ ಕೇಳಿದ್ದಕ್ಕೆ ಅಜ್ಜಿ ಹೇಳಿದರಂತೆ, ಮೊದಲು ಇಲ್ಲಿ ಇದ್ದದ್ದು ಅವರೇ, ಜನ ಹೋದರು, ಕಲ್ಲು ಏಳಲಿಲ್ಲ.

ಕೊನೆಯ ಪ್ಯಾರಾದಲ್ಲಿ ಮೋಕ್ಷಾ ಬರೆದಿದ್ದಳು: "ನನ್ನ ಸಾಕ್ಷಿ ಈ ಕಲ್ಲು. ಜಾಗ ನಮ್ಮದು ಎಂದು ಕಾಗದದಲ್ಲಿದೆ. ಆದರೆ ಆ ಜಾಗದ ಜೊತೆ ಹೇಗೆ ಮಾತಾಡಬೇಕು ಎಂದು ನಮಗೆ ಗೊತ್ತಿಲ್ಲ, ಅವರನ್ನು ಕರೆಯಬೇಕಾಗುತ್ತದೆ. ನನಗೆ ಇನ್ನೂ ಗೊತ್ತಾಗದ ವಿಷಯ ಒಂದಿದೆ. ಅವರನ್ನು ಹೋಗಿ ಎಂದವರು ಯಾರು?"

ಅಕ್ಷಯಾ ಆ ಹಾಳೆಯನ್ನು ಮೂರು ಸಲ ಓದಿದಳು. ಅವಳ ಮನೆಯೂ ಅಂಥದೇ ಒಂದು ಪಾದೆಯ ಮೇಲಿದೆ. ಬಾವಿ ತೋಡಲು ಗುದ್ದಲಿ ಹಾಕಿದರೆ ಕಿಡಿ ಹಾರುವ ನೆಲ. ಕೆಳಗಿನ ಗದ್ದೆಬೈಲು ಹಿಂದೆ ಯಾರದ್ದಾಗಿತ್ತು ಎಂದು ಅವಳ ಅಪ್ಪ ಬಾಯಿ ಬಿಟ್ಟು ಒಮ್ಮೆಯೂ ಹೇಳಿದವನಲ್ಲ. ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದ. ಇಷ್ಟು ವರ್ಷ ಅವಳಿಗೆ ಆ ಪ್ರಶ್ನೆ ತಮ್ಮ ಕಡೆಯಿಂದ ಮಾತ್ರ ಹುಟ್ಟುವಂಥದ್ದು ಎಂದಿತ್ತು. ಅದೀಗ ಜಮೀನಿದ್ದ ಗುತ್ತಿನ ಮನೆಯ ಮಗುವೊಂದರ ಕೈಬರಹದಲ್ಲಿ, ಅಂದವಾದ ಅಕ್ಷರದಲ್ಲಿ ಮೇಜಿನ ಮೇಲೆ ಕೂತಿತ್ತು. ಅಂಕ ಕೊಟ್ಟು ಕೆಳಗೆ ಬರೆದಳು: ಬಂಡಿ ದಿನ ಇದನ್ನು ಎಲ್ಲರೆದುರು ನೀನು ಓದಬೇಕು.

ಆ ಸುದ್ದಿ ದೋಹಾದಿಂದ ಊರಿಗೆ, ಊರಿನಿಂದ ಮುಂಬೈಯ ಅತ್ತೆಗೆ, ಅತ್ತೆಯಿಂದ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಿ, ಮೂರೇ ದಿನದಲ್ಲಿ ವಿಕಾಸನ ಕೈಗೆ ಬಂದು ಸೇರಿತು. ವಾರದ ಮೊದಲ ಕೆಲಸದ ದಿನ, ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಅವನು ಶಾಲೆಯಲ್ಲಿದ್ದ.

ವಿಭಾಗದ ಮುಖ್ಯಸ್ಥೆ ಕೊನ್ಸೆಪ್ಟಾ ಮೇಡಂ ಉಡುಪಿ ಕಡೆಯವರು. ಮೂವತ್ತು ವರ್ಷ ದೋಹಾದಲ್ಲಿ ದುಡಿದು, ಆರು ಡೈರೆಕ್ಟರುಗಳನ್ನು ಕಂಡು, ಯಾರ ಕಣ್ಣಿಗೂ ಚುಚ್ಚದ ಹಾಗೆ ಬದುಕುವುದನ್ನು ಕಲಿತವರು. ಅಕ್ಷಯಾ ಒಳಗೆ ಬಂದಾಗ ವಿಕಾಸ್ ಚಹಾ ಮುಟ್ಟದೆ ಕೂತಿದ್ದ. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ. ಅದು ಡೈರೆಕ್ಟರಿಗೆ ಬರೆದ ದೂರು, ಸಹಿಯೊಂದು ಬಾಕಿ.

"ಟೀಚರ್, ನಾನು ಫೀಸು ಕಟ್ಟುವುದು ಅಮೆರಿಕದ ಹಿಸ್ಟರಿ ಕಲಿಸಲಿಕ್ಕೆ," ಎಂದ ಅವನು. ಮಾತು ಮೆಲ್ಲಗೇ ಇತ್ತು. "ನಮ್ಮ ತೋಟದ ಹಿಸ್ಟರಿ ಕಲಿಸಲಿಕ್ಕೆ ಅಲ್ಲ."

ಅಮೆರಿಕದ ಹಿಸ್ಟರಿಯನ್ನೇ ಕಲಿಸಿದ್ದು, ನಿಮ್ಮ ಮಗಳಿಗೆ ಅದು ಚೆನ್ನಾಗಿ ಅರ್ಥವಾಗಿದೆ ಎಂದಳು ಅಕ್ಷಯಾ. ಕೊನ್ಸೆಪ್ಟಾ ಮೇಡಂ ಚಹಾದ ಕಪ್ಪಿನೊಳಗೆ ಕೆಮ್ಮಿದರು. ವಿಕಾಸನ ಕಣ್ಣು ಅವಳ ಕುತ್ತಿಗೆಯ ಕಾರ್ಡಿಗೆ ಇಳಿಯಿತು, ನಿಂತಿತು.

"ಅಕ್ಷಯಾ ಚನಿಯ. ಊರು ಯಾವುದು ನಿಮ್ಮದು?"

"ಬಂಟ್ವಾಳ ತಾಲೂಕು. ಊರು ಹೇಳಿದರೆ ಮುಂದೆ ಯಾವ ಮನೆ ಅಂತ ಕೇಳ್ತೀರಿ, ಎರಡೂ ಒಟ್ಟಿಗೇ ಹೇಳ್ತೇನೆ. ಗುಡ್ಡದ ಮೇಲಿನ ಕಾಲನಿ. ಅಪ್ಪ ಚನಿಯ, ಅಮ್ಮ ಚೆನ್ನು. ನಮ್ಮ ಮನೆಗೆ ಹೆಸರಿಲ್ಲ, ನಂಬರುಂಟು."

"ಹಾಗೆ ಹೇಳಿ. ಈಗ ಗೊತ್ತಾಯ್ತು."

"ಗೊತ್ತಾಗಲಿ ಅಂತಲೇ ಹೇಳಿದ್ದು."

ಕೊನ್ಸೆಪ್ಟಾ ಮೇಡಂ ನಡುವೆ ಬಂದರು. ಮಗು ಬೇರೆ ಏನಾದರೂ ಓದಲಿ, ಬಂಡಿಯಲ್ಲಿ ಹೋದ ಒಬ್ಬ ಹೆಂಗಸಿನ ದಿನಚರಿಯ ಹಾಗೆ ಒಂದು ಪುಟ ಬರೆದು ಓದಲಿ, ಚೆನ್ನಾಗಿರುತ್ತದೆ, ಯಾರಿಗೂ ನೋವಿಲ್ಲ ಎಂದರು. ವಿಕಾಸ್ ಅದಕ್ಕೆ ತಯಾರಿದ್ದ. ಮಗಳ ಹೆಸರು ಪಟ್ಟಿಯಿಂದ ತೆಗೆದರೆ ತಾನು ಈ ಹಾಳೆ ಹರಿದು ಹಾಕಿ ಹೋಗುತ್ತೇನೆ, ಇಲ್ಲದಿದ್ದರೆ ಇವತ್ತೇ ಡೈರೆಕ್ಟರ ಕೈಗೆ ಕೊಡುತ್ತೇನೆ, ಮಾರ್ಚಿನ ಮಾತು ಆಮೇಲೆ ನಿಮ್ಮ ಹಣೆಬರಹ ಎಂದ. ಕಾಂಟ್ರ್ಯಾಕ್ಟಿನ ವಿಷಯ ಅವನಿಗೆ ಯಾರು ಹೇಳಿದರೋ.

ಇಂಥ ಕೋಣೆಗಳಲ್ಲಿ, ಇಂಥ ಮೇಜುಗಳ ಮುಂದೆ ತನ್ನ ಅಪ್ಪ ಎಷ್ಟು ಸಲ ತಲೆ ತಗ್ಗಿಸಿ ನಿಂತಿದ್ದ ಎಂಬ ಲೆಕ್ಕ ಅಕ್ಷಯಾಳಿಗೆ ಗೊತ್ತಿತ್ತು. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ನನ್ನ ಕ್ಲಾಸಿನಲ್ಲಿ ನಿಯಮ ಒಂದೇ. ಸಾಕ್ಷಿ ಸುಳ್ಳು ಅಂತ ತೋರಿಸಿ, ನಾನೇ ಕೆಂಪು ಪೆನ್ನಲ್ಲಿ ಹೊಡೆದು ಹಾಕ್ತೇನೆ. ಎಲ್ಲರೆದುರು ನಿಮ್ಮ ಕ್ಷಮೆಯೂ ಕೇಳ್ತೇನೆ. ಸತ್ಯ ಆದರೆ ಮಗು ಓದ್ತಾಳೆ."

"ಸುಳ್ಳೇ. ಮಕ್ಕಳು ಎಂತೆಂತದೋ ಕಟ್ಟಿ ಬರೀತಾರೆ."

"ಹೇಳಿದ್ದು ನಿಮ್ಮ ಅಮ್ಮ ಅಂತ ಬರೆದಿದ್ದಾಳೆ. ಅಮ್ಮನನ್ನೇ ಕೇಳಿ."

ಇಲ್ಲಿ ವಿಕಾಸ್ ಎಡವಿದ. ಹದಿನೆಂಟು ವರ್ಷ ದೋಹಾದಲ್ಲಿ ಹೇಳಿದ ಮಾತಿಗೆಲ್ಲ ಹೌದು ಸಾರ್ ಎನ್ನುವವರ ನಡುವೆ ಬದುಕಿದ್ದಕ್ಕೋ ಏನೋ, ತಾಯಿಯೂ ಹಾಗೇ ಎಂದುಕೊಂಡ. ಫೋನು ತೆಗೆದು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದ. ತಾಯಿ ಕುಟುಂಬದ ಮಾನ ಬಿಡುವವರಲ್ಲ, ಅದು ನಿಜವೇ. ಆದರೆ ಮಾನಕ್ಕಿಂತ ದೊಡ್ಡ ಹೆದರಿಕೆಯೊಂದು ಆ ಮನೆಯ ಮೂಲೆಯಲ್ಲಿ ಕೂತಿತ್ತು ಎಂಬುದನ್ನು ಅವನು ಮರೆತಿದ್ದ.

ಊರಿನಲ್ಲಿ ಆಗ ಊಟದ ಹೊತ್ತು. ಅಜ್ಜಿ ತುಳುವಿನಲ್ಲಿ ಮಾತಾಡಿದರು. ಕೋಣೆಯಲ್ಲಿದ್ದ ಮೂವರಿಗೂ ತುಳು ಬರುತ್ತಿತ್ತು. ಕಲ್ಲಿನ ಹೆಸರೆತ್ತಿದ ಕೂಡಲೇ ಅವರು ಕೇಳಿದ್ದು, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ ಎಂದು. ಹಾಗೇನಿಲ್ಲ, ಸ್ಕೂಲಿನವರು ಕೇಳುತ್ತಿದ್ದಾರೆ, ಅದೆಲ್ಲ ಮಕ್ಕಳಿಗೆ ಹೇಳಿದ ಒಂದು ಕತೆ ಅಂತ ಒಂದು ಮಾತು ಹೇಳಿಬಿಡು ಎಂದ ವಿಕಾಸ್. ಅಜ್ಜಿಯ ಧ್ವನಿ ಏರಿತು.

"ಕತೆ ಅಂತ ಹೇಳಬೇಕಾ? ಆ ಜಾಗದಲ್ಲಿ ಕೂತುಕೊಂಡು? ನಿನಗೆ ಬುದ್ಧಿ ನೆಟ್ಟಗುಂಟಾ ಮಗಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾವೆ."

ಆಮೇಲೆ ಆ ಹಿರಿಯ ಹೆಂಗಸನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಸುಳ್ಳಿನ ಮಾತು ಕಿವಿಗೆ ಬಿದ್ದದ್ದಕ್ಕೇ ಪರಿಹಾರ ಮಾಡುವವರ ಹಾಗೆ ಅವರು ಒಂದೊಂದನ್ನೇ ಬಿಚ್ಚಿ ಇಟ್ಟರು. ತಾನು ಮದುವೆಯಾಗಿ ಬಂದ ವರ್ಷ ಅಲ್ಲಿ ಏಳು ಗುಡಿಸಲಿದ್ದವು. ತೋಟದ ಸುತ್ತಲಿನ ಸರಕಾರಿ ಜಾಗ ಕುಮ್ಕಿ ಅಂತ, ಅದು ತೋಟದವರಿಗೇ ಸೇರುವುದು ಅಂತ ಮಾವ ಬೇಲಿ ಹಾಕಿಸಿದರು. ಗುಡಿಸಲು ಎಬ್ಬಿಸಿದ್ದು ಜಡಿಮಳೆಯ ಆಟಿ ತಿಂಗಳಲ್ಲಿ. ಅಪ್ಪಿ ಆಗ ಅವಳ ತಾಯಿಯ ಸೊಂಟದಲ್ಲಿದ್ದ ಕೂಸು. ಮರುವರ್ಷ ಕೊಟ್ಟಿಗೆಯಲ್ಲಿ ಎರಡು ದನ ಸತ್ತವು, ತನ್ನ ಮೊದಲ ಮಗು ಉಳಿಯಲಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ ಬಂದದ್ದು, ಕಲ್ಲು ಅಲ್ಲೇ ಇರಬೇಕು, ಸೇವೆ ಅವರದ್ದೇ ಕೈಯಿಂದ ಆಗಬೇಕು ಎಂದು. ನಿನ್ನ ಅಜ್ಜ ಕೂತು ಕೇಳಿದ್ದು ಇದನ್ನೆಲ್ಲ, ನೀನೀಗ ಕತೆ ಅಂತೀಯಲ್ಲ ಎಂದರು.

ವಿಕಾಸ್ ಫೋನಿನ ಕಡೆಗೆ ಕೈ ಚಾಚಿದ. ಅಷ್ಟರಲ್ಲಿ ಅಜ್ಜಿ ಕೇಳಿದರು, ಓದುವುದು ಯಾರು, ಮೋಕ್ಷಾನಾ ಎಂದು.

"ಓದಲಿ. ಆ ಕಲ್ಲಿನ ಮಾತು ಎತ್ತಿದ ಮೇಲೆ ಅರ್ಧಕ್ಕೆ ನಿಲ್ಲಿಸಬಾರದು. ನೀನೂ ಹೋಗಿ ಕೂತು ಪೂರ್ತಿ ಕೇಳು."

ಫೋನು ಕಟ್ಟಾಯಿತು.

ಅಕ್ಷಯಾ ಗೆದ್ದವಳ ಮುಖ ಮಾಡಲಿಲ್ಲ. ಆ ಅಜ್ಜಿಯ ಬಾಯಲ್ಲಿ ಬಂದದ್ದು ನ್ಯಾಯವಲ್ಲ ಎಂದು ಅವಳಿಗೆ ಗೊತ್ತಿತ್ತು. ಅರವತ್ತು ವರ್ಷ ಅಪ್ಪಿಯನ್ನು ಅಂಗಳದಿಂದ ಒಳಗೆ ಕರೆಯದೆ, ಜೀಪು ಕಳಿಸಿ ಕರೆಸಿ ಜೀಪಿಲ್ಲದೆ ವಾಪಸು ಕಳಿಸಿದ ಮನೆ ಅದು. ಅಲ್ಲಿ ಇದ್ದದ್ದು ಭಯ. ಆದರೆ ಭಯ ಲೆಕ್ಕ ಮರೆಯುವುದಿಲ್ಲ. ಗುಡಿಸಲು ಏಳು ಎಂದರೆ ಏಳೇ.

ವಿಕಾಸ್ ಎದ್ದು ನಿಂತ. ಹಾಳೆಗೆ ನಿಂತಲ್ಲೇ ಸಹಿ ಹಾಕಿದ. ಮಗಳು ಓದುತ್ತಾಳೆ, ಅಮ್ಮ ಹೇಳಿದ್ದಕ್ಕೆ, ಆದರೆ ದೂರು ದೂರೇ ಎಂದು ಕೊನ್ಸೆಪ್ಟಾ ಮೇಡಂ ಕಡೆಗೆ ಅದನ್ನು ತಳ್ಳಿ ಹೊರಟುಹೋದ.

"ನಿನಗೆ ಇದೆಲ್ಲ ಬೇಕಿತ್ತಾ ಮಾರಾಯ್ತಿ?" ಎಂದರು ಮೇಡಂ. "ನಾನು ಮೂವತ್ತು ವರ್ಷದಲ್ಲಿ ಇಂಥ ಪೇರೆಂಟ್ ಮೀಟಿಂಗ್ ನೋಡಿಲ್ಲ."

ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇರೆ ಏನೋ ಇತ್ತು. ನಮ್ಮ ಅಪ್ಪನ ತೋಟದ ತುದಿಯಲ್ಲೂ ಇಂಥದ್ದೊಂದು ಕಲ್ಲುಂಟು, ನಾವು ಅದರ ಮೇಲೆ ಒಂದು ಶಿಲುಬೆ ನೆಟ್ಟಿದ್ದೇವೆ ಅಷ್ಟೇ ಎಂದು ಹೇಳಿ, ಹೇಳಬಾರದಿತ್ತು ಎಂಬಂತೆ ಫೈಲು ಎಳೆದುಕೊಂಡರು.

ಆ ವಾರ ಅಲ್ ಮುಂತಜಾದ ತಮ್ಮ ಕೋಣೆಯಲ್ಲಿ ರೀಮಾ ದಿನಾ ಒಂದೇ ಹಾಡು ಹಾಡಿದಳು. ಕ್ಷಮೆ ಕೇಳಿ ಒಂದು ಸಾಲು ಬರೆದುಕೊಡು, ಖಲಾಸ್, ಮತ್ತೆರಡು ವರ್ಷ ಗಟ್ಟಿ ಎಂದು. ಅಕ್ಷಯಾ ಅವಳಿಗೆ ಮೀನು ಹುರಿದು ಕೊಟ್ಟು ಬಾಯಿ ಮುಚ್ಚಿಸಿದಳು. ಹೋಗು ಎಂದರೆ ಹೋಗುವುದು ಅವಳಿಗೆ ಹೊಸದಲ್ಲ. ಹೊಸದು, ಹೋಗು ಎಂದವರು ಯಾರು ಎಂದು ಗಟ್ಟಿಯಾಗಿ ಕೇಳುವ ಅವಕಾಶ.

ಬಂಡಿ ದಿನ ಬಂತು. ಬಿಸಿಲು ಹಿತವಾಗಿತ್ತು, ಗಾಳಿ ಬೆಡ್‌ಶೀಟುಗಳನ್ನು ಉಬ್ಬಿಸುತ್ತಿತ್ತು. ವಿಕಾಸ್ ಮುಂದಿನ ಸಾಲಿನಲ್ಲಿ ಕೂತಿದ್ದ, ಕಪ್ಪು ಕನ್ನಡಕ ತೆಗೆಯದೆ. ಈ ಸಲ ಅವನ ಭಾಷಣ ಇರಲಿಲ್ಲ. ಮೋಕ್ಷಾ ಮೈಕಿನ ಮುಂದೆ ಬಂದು ನಿಂತಳು. ಮೊದಲ ಎರಡು ಸಾಲು ಯಾರಿಗೂ ಕೇಳಲಿಲ್ಲ. ಮೈಕು ತಗ್ಗಿಸಿ ಕೊಟ್ಟ ಮೇಲೆ ಅವಳ ಧ್ವನಿ ಮೈದಾನದ ಆಚೆ ಗೋಡೆಯವರೆಗೆ ಹೋಯಿತು. ಕಲ್ಲಿನ ಬಗ್ಗೆ ಓದಿದಳು, ಅಪ್ಪಿಯ ಬಗ್ಗೆ ಓದಿದಳು. ಕೊನೆಯ ಪ್ರಶ್ನೆ ಬಂದಾಗ ಹಾಳೆಯಿಂದ ತಲೆ ಎತ್ತಿದಳು. ಈ ಪ್ರಶ್ನೆ ಬರೆಯುವಾಗ ನನಗೆ ಉತ್ತರ ಗೊತ್ತಿರಲಿಲ್ಲ, ಈಗ ಅಜ್ಜಿ ಹೇಳಿದ್ದಾರೆ ಎಂದಳು. ಹೋಗಿ ಎಂದವರು ನನ್ನ ಮುತ್ತಜ್ಜ. ಗುಡಿಸಲು ಏಳು. ಏಳೂ ಮನೆಯವರ ಹೆಸರು ಅಜ್ಜಿಗೆ ಬಾಯಿಗೆ ಬರುತ್ತದೆ, ನಾನು ಬರೆದುಕೊಂಡಿದ್ದೇನೆ. ಹಾಗೆಂದು ಏಳು ಹೆಸರನ್ನೂ ಓದಿದಳು, ಹಾಜರಿ ಕರೆಯುವ ಹಾಗೆ. ಇಂಗ್ಲಿಷಿನ ನಡುವೆ ಆ ತುಳು ಹೆಸರುಗಳು ಒಂದೊಂದಾಗಿ ಬಂದಾಗ ಅಕ್ಷಯಾ ಬೆರಳು ಮಡಿಸಿ ಎಣಿಸಿದಳು. ಮೂರನೆಯದು ಅವಳ ತಾತನ ಹೆಸರೂ ಹೌದು. ಅವನಲ್ಲ, ಅದೇ ಹೆಸರಿನ ಬೇರೆ ಒಬ್ಬ. ತಮ್ಮಂಥವರಿಗೆ ಇಡಲು ಊರು ಬಿಟ್ಟುಕೊಟ್ಟ ಹೆಸರುಗಳೇ ಕಡಿಮೆ.

ಆಮೇಲೆ ಜಾಗದ ಓಟ. ಅಕ್ಷಯಾ ಆಟದಲ್ಲಿ ಬದಲಾಯಿಸಿದ್ದು ಒಂದೇ ಒಂದು. ಇಪ್ಪತ್ತನಾಲ್ಕು ಮಕ್ಕಳಲ್ಲಿ ಎಂಟು ಮಂದಿಯನ್ನು ಮೊದಲೇ, ಇದ್ದ ಎಂಟು ಚೌಕಗಳೊಳಗೂ ಒಬ್ಬೊಬ್ಬರಂತೆ ಕೂರಿಸಿದ್ದಳು. ಓಡುವ ಹದಿನಾರು ಮಂದಿಗೆ ಅದನ್ನು ಹೇಳಿರಲಿಲ್ಲ, ಅವರ ಮುಂದೆ ಬಂಡಿಗಳ ಬೆಡ್‌ಶೀಟು ಅಡ್ಡವಿತ್ತು. ಸೀಟಿ ಊದಿದಳು. ಮಕ್ಕಳು ಬಾವುಟ ಹಿಡಿದು ಕಿರುಚುತ್ತಾ ಓಡಿದರು. ಓಡಿದವರು ಅಲ್ಲಲ್ಲೇ ನಿಂತರು. ಒ‍ಬ್ಬ ಖಾಲಿ ಚೌಕ ಹುಡುಕಿ ಅತ್ತಿಂದಿತ್ತ ಓಡಿದ. ರೈಹಾನಾ ಕೂತವನ ಪಕ್ಕದಲ್ಲೇ ಬಾವುಟ ಚುಚ್ಚಿದಳು, ಕೂತವನು ಅದನ್ನು ಕಿತ್ತು ಅವಳ ಕೈಗೇ ಕೊಟ್ಟ. ಗ್ಯಾವಿನ್ ಮೋಕ್ಷಾಳ ಚೌಕದ ಗೆರೆಯ ಮೇಲೆ ನಿಂತು ಟೀಚರ ಕಡೆ ತಿರುಗಿದ.

"ಮಿಸ್, ಇಲ್ಲಿ ಇವಳು ಕೂತಿದ್ದಾಳೆ. ಬಾವುಟ ಎಲ್ಲಿ ನೆಡಲಿ?"

"ನನ್ನನ್ನು ಯಾಕೆ ಕೇಳ್ತೀ? ಅವಳನ್ನು ಕೇಳು."

ಗ್ಯಾವಿನ್ ಮೋಕ್ಷಾಳನ್ನು ನೋಡಿದ. ಅವಳೂ ಅವನನ್ನು ನೋಡಿದಳು. ಇಡೀ ಮೈದಾನದಲ್ಲಿ ಕೇಳಬೇಕೆಂದು ಹೊಳೆದದ್ದು ಅವನೊಬ್ಬನಿಗೇ. ಕೂತುಕೊಳ್ಳಲಾ ಎಂದು ಕೇಳಿದ. ಬಾವುಟ ಹೊರಗಿಟ್ಟು ಬಾ ಎಂದಳು ಮೋಕ್ಷಾ. ಅವನು ಇಟ್ಟ. ಪೋಷಕರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಯಾವಾಗ ತಟ್ಟಬೇಕೆಂದು ತಿಳಿಯದೆ ಸಮೋಸದ ಮೇಜಿನ ಕಡೆ ಹೋದರು. ಗೆದ್ದವರು ಯಾರೆಂದು ಕೊನೆಗೂ ಯಾರೂ ಹೇಳಲಿಲ್ಲ.

ಎಲ್ಲ ಮುಗಿದ ಮೇಲೆ ವಿಕಾಸ್ ಅವಳ ಹತ್ತಿರ ಬಂದ. ಕನ್ನಡಕ ಈಗ ಕೈಯಲ್ಲಿತ್ತು.

"ನಾನೀಗ ಎಂತ ಮಾಡಬೇಕು ಅಂತೀರಿ? ಏಳು ಮನೆಯವರನ್ನು ಕರೆದು ಜಾಗ ಹಂಚಬೇಕಾ?"

ಕೇಳಿದ್ದು ಕುಹಕಕ್ಕೋ ನಿಜಕ್ಕೋ ಎಂದು ತೂಗಿ ನೋಡುವ ಗೊಡವೆಗೆ ಅಕ್ಷಯಾ ಹೋಗಲಿಲ್ಲ.

"ಅದನ್ನು ಕೇಳಬೇಕಾದ್ದು ಆ ಏಳು ಮನೆಯವರನ್ನು," ಎಂದಳು. "ನಿಮ್ಮ ಮಗಳ ಹತ್ತಿರ ಹೆಸರುಂಟು."

ದೂರು ಡೈರೆಕ್ಟರ ಮೇಜಿಗೆ ಹೋಗಿ ಮೂರು ವಾರ ಕೂತಿತು. ಮಾರ್ಚಿನ ಎರಡನೇ ವಾರ ಕೊನ್ಸೆಪ್ಟಾ ಮೇಡಂ ಅವಳನ್ನು ಕರೆದರು. ಕಾಂಟ್ರ್ಯಾಕ್ಟು ಬಂದಿತ್ತು, ಎರಡು ವರ್ಷಕ್ಕೇ ಬಂದಿತ್ತು. ಆದರೆ ಕೊನೆಯ ಪುಟದಲ್ಲಿ ಹೊಸದಾಗಿ ಒಂದು ಸಾಲು ಸೇರಿಕೊಂಡಿತ್ತು. ವಿದ್ಯಾರ್ಥಿಗಳ ಕುಟುಂಬದ ಆಸ್ತಿ ಮುಂತಾದ ಖಾಸಗಿ ವಿಷಯಗಳನ್ನು ಶಿಕ್ಷಕರು ತರಗತಿಗೆ ತರತಕ್ಕದ್ದಲ್ಲ. ಮೇಡಂ ಪೆನ್ನು ಮುಂದಿಟ್ಟು, ಒಂದು ಸಾಲು ಅಲ್ವಾ, ಹಾಕಿಬಿಡು, ಯಾರು ಬಂದು ನೋಡ್ತಾರೆ ಎಂದರು.

ಅಕ್ಷಯಾ ಓದಿದಳು. ಇನ್ನೊಮ್ಮೆ ಓದಿದಳು.

"ಜಾಗ ಖಾಸಗಿ ಆದದ್ದು ಯಾವಾಗ, ಹೇಗೆ ಅನ್ನೋದೇ ನನ್ನ ಪಾಠ ಮೇಡಂ. ಇದಕ್ಕೆ ಸಹಿ ಹಾಕಿದರೆ ಮುಂದಿನ ಫೆಬ್ರವರಿ ಏಳನೇ ಕ್ಲಾಸಿಗೆ ಹೋಗಿ ನಾನು ಎಂತ ಹೇಳಲಿ? ಎತ್ತುಗಳು ಚೆನ್ನಾಗಿದ್ದವು ಅಂತಲಾ?"

ಅವಳು ಆ ಸಾಲಿನ ಮೇಲೆ ಸ್ಕೇಲಿಟ್ಟು ಒಂದು ಗೆರೆ ಎಳೆದಳು, ಹೊಡೆದು ಹಾಕಿದ್ದಕ್ಕೆ ಬದಿಯಲ್ಲಿ ತನ್ನ ಚಿಕ್ಕ ಸಹಿ ಹಾಕಿದಳು, ಕೆಳಗೆ ಪೂರ್ತಿ ಸಹಿ ಹಾಕಿ ಕಾಗದವನ್ನು ಮೇಡಂ ಕಡೆಗೆ ತಿರುಗಿಸಿ ಇಟ್ಟಳು. ಬೇಡವೆಂದರೆ ತಿಂಗಳಾಖೇರಿಗೆ ಹೋಗುತ್ತೇನೆ, ಆದರೆ ಬೇಡವೆಂದು ಅವರೇ ಬರೆದು ಕೊಡಲಿ, ಹೆಸರು ಹಾಕಿ ಎಂದಳು.

ಕೊನ್ಸೆಪ್ಟಾ ಮೇಡಂ ಕಾಗದವನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ವಿಭಾಗದ ಮುಖ್ಯಸ್ಥರ ಸಹಿ ಎಂಬ ಚೌಕ ಅವರದ್ದು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರ ಪೆನ್ನು ಆ ಚೌಕಕ್ಕಿಂತ ಮುಂಚೆ ಬೇರೆ ಕಡೆ ಹೋಯಿತು. ಹೊಡೆದು ಹಾಕಿದ ಸಾಲಿನ ಬದಿಗೆ, ಅಕ್ಷಯಾಳ ಚಿಕ್ಕ ಸಹಿಯ ಕೆಳಗೆ, ತಮ್ಮದನ್ನೂ ಹಾಕಿದರು. ಆಮೇಲೆ ಡ್ರಾಯರಿನಿಂದ ಸೀಲು ತೆಗೆದು, ಮೇಜು ಅದುರುವಷ್ಟು ಜೋರಾಗಿ ಒತ್ತಿದರು.